ವಠಾರ: ಬಾಡಿಗೆಗೆಂದೇ ಕಟ್ಟಿದ ಮನೆಗಳು

ಒಂದೇ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿದಂತೆ ಸಾಲಾಗಿ ಎದ್ದು, ಒಂದೇ ಅಂಗಳವನ್ನೂ ಒಂದೇ ಬಾವಿ ಅಥವಾ ನಲ್ಲಿಯನ್ನೂ ಹಂಚಿಕೊಳ್ಳುವ ಸಣ್ಣ ಬಾಡಿಗೆ ಮನೆಗಳಿಗೆ ಬೆಂಗಳೂರು, ಮೈಸೂರು ಸೀಮೆಯಲ್ಲಿ ವಠಾರ ಎಂದು ಹೆಸರು. ಕರಾವಳಿಯಲ್ಲಿ ಇದೇ ಪದಕ್ಕೆ ಆವರಣ ಎಂಬ ಅರ್ಥ. ಅಲ್ಲಿ ಶಾಲೆಗೂ ದೇವಸ್ಥಾನಕ್ಕೂ ವಠಾರವಿದೆ.

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ವಠಾರದ ಆಕಾರವನ್ನು ನಿರ್ಧರಿಸಿದ್ದು ಜಾಗವೇ. ಚಿಕ್ಕಪೇಟೆ, ಅಕ್ಕಿಪೇಟೆಗಳಂಥ ಕಡೆ ಬೀದಿಗೆ ಕಿರಿದಾಗಿ ತೆರೆದುಕೊಂಡ ನಿವೇಶನ ಒಳಗೆ ಉದ್ದಕ್ಕೆ ಹೋಗುತ್ತಿತ್ತು. ಮುಂದೆ ಅಂಗಡಿ, ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಓಣಿ, ಹಿಂದೆ ಮನೆಗಳ ಸಾಲು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ ಬೆಳಕಿಗೆಂದು ಮನೆಯ ಸುತ್ತ ಜಾಗ ಬಿಡಿಸಲಾಯಿತು. ಹಾಗೆ ಉಳಿದ ಹಿತ್ತಿಲಲ್ಲೇ ಮುಂದಿನ ತಲೆಮಾರು ಬಾಡಿಗೆ ಮನೆಗಳನ್ನು ಕಟ್ಟಿಕೊಂಡಿತು.

ಇದರ ಲೆಕ್ಕ ಸರಳವಾಗಿತ್ತು. 40 ಅಡಿ ಅಗಲ, 60 ಅಡಿ ಉದ್ದದ ನಿವೇಶನವೆಂದರೆ 2,400 ಚದರ ಅಡಿ. ಒಂದೊಂದು ಮನೆಗೆ 225 ಚದರ ಅಡಿಯಂತೆ ಆರು ಮನೆ ಕಟ್ಟಿದರೂ ಅಂಗಳಕ್ಕೆ ಸಾವಿರ ಚದರ ಅಡಿ ಮಿಗುತ್ತದೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಈ ಹೆಂಚಿನ ಉದ್ಯಮ ಚಾವಣಿಯ ಖರ್ಚನ್ನು ಇಳಿಸಿತ್ತು. ಒಳಗೆ ಒಂದರ ಹಿಂದೊಂದು ಎರಡು ಕೋಣೆ, ಅಡುಗೆಮನೆಯ ಮೂಲೆಯಲ್ಲಿ ಬಚ್ಚಲು. ಕಕ್ಕಸು ಮತ್ತು ಒಗೆಯುವ ಕಲ್ಲು ಎಲ್ಲರಿಗೂ ಸೇರಿದ್ದು. ಮಾಲೀಕನ ಲಾಭ ಹುಟ್ಟುತ್ತಿದ್ದುದು ಹೀಗೆ ಹಂಚಿಕೊಂಡದ್ದರಲ್ಲೇ. ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ನಸುಕಿನಲ್ಲೇ ಎದ್ದು ನಲ್ಲಿಯ ಮುಂದೆ ಸರದಿ ಕಾಯುತ್ತಿದ್ದ ಹೆಂಗಸರು.

ಎಲ್ಲ ಮಾಲೀಕರೂ ಸಿರಿವಂತರಾಗಿರಲಿಲ್ಲ. ನಿವೃತ್ತ ಗುಮಾಸ್ತರಿಗೆ, ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ನಾಲ್ಕು ಮನೆಯ ಬಾಡಿಗೆಯೇ ಪಿಂಚಣಿ. ಜಾಗ ಮಾರದೆ ಅದರಿಂದ ಅನ್ನ ಪಡೆಯಲು ಇದಕ್ಕಿಂತ ನಂಬಿಕೆಯ ದಾರಿ ಅವರಿಗಿರಲಿಲ್ಲ. ಯಜಮಾನರು ಮುಂದಿನ ಮನೆಯಲ್ಲೇ ಇದ್ದು ನೀರು ಬಿಡುವ ಹೊತ್ತು, ದೀಪ ಆರಿಸುವ ಹೊತ್ತು ಎರಡನ್ನೂ ತಾವೇ ಗೊತ್ತುಮಾಡುತ್ತಿದ್ದರು. ಇಡೀ ವಠಾರಕ್ಕೆ ಒಂದೇ ಮೀಟರ್ ಇದ್ದ ಕಡೆ ಬಲ್ಬಿಗೆ ಇಂತಿಷ್ಟು ಎಂದು ಹಣ ಕೊಡಬೇಕಿತ್ತು.

ಬಾಡಿಗೆದಾರರಿಗಂತೂ ಬರವಿರಲಿಲ್ಲ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ಕ್ಕೆ 7.8 ಲಕ್ಷದ ಹತ್ತಿರ ಬಂತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಊರು ಬಿಟ್ಟು ಬಂದ ಕಾರ್ಮಿಕ, ಹೊಸದಾಗಿ ಮದುವೆಯಾದ ಮೇಷ್ಟ್ರು, ಓದಲು ಬಂದ ಹುಡುಗರು ಎಲ್ಲರಿಗೂ ಕೈಗೆಟುಕುತ್ತಿದ್ದುದು ವಠಾರದ ಮನೆ.

ಮನೆಯ ಅಭಾವದ ಆ ಕಾಲದಲ್ಲಿ ಬಾಡಿಗೆದಾರರ ರಕ್ಷಣೆಗೆ ಕಾನೂನು ಬೇಕೇ ಆಗಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಅದು ಹೆಸರಿಸಿದ ಕಾರಣಗಳಿಲ್ಲದೆ ಯಾರನ್ನೂ ಬಿಡಿಸುವಂತಿರಲಿಲ್ಲ. ನ್ಯಾಯಬದ್ಧ ಬಾಡಿಗೆ ಎಷ್ಟೆಂಬುದನ್ನು ಅಧಿಕಾರಿ ನಿಗದಿ ಮಾಡಬಹುದಿತ್ತು. ಆದರೆ ಬೆಲೆಗಳು ಏರಿದರೂ ಹಳೆಯ ಬಾಡಿಗೆ ಅಲ್ಲೇ ನಿಂತ ಕಡೆ ಮಾಲೀಕರು ಹೆಂಚು ಬದಲಾಯಿಸುವುದನ್ನೂ ಬಿಟ್ಟರು. ಮಳೆಗಾಲದಲ್ಲಿ ಸೋರುವ ಮನೆ ಎರಡೂ ಕಡೆಯವರ ಜಗಳವಾಗಿ ಕೋರ್ಟಿಗೆ ಹೋಯಿತು. ಮುಂಗಡ, ಭೋಗ್ಯ, 11 ತಿಂಗಳ ಕರಾರುಗಳಿಗೆ ಮಾಲೀಕರು ಮೊರೆಹೋದರು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಆ 11ರ ಲೆಕ್ಕ. 1999ರ ಹೊಸ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂದಾಗ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹಿಡಿತದಿಂದ ಹೊರಗುಳಿದವು.

ಅಷ್ಟರಲ್ಲಿ ಜಾಗದ ಬೆಲೆ ವಠಾರವನ್ನು ಮೀರಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಹಲವು ವಠಾರಗಳು ಮಾರಾಟವಾಗಿ ನೆಲಸಮವಾದವು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲೀಗ ಸಣ್ಣ ಮನೆಗಳು ಒಂದರ ಮೇಲೊಂದು ಏರಿವೆ. ಕೆಳಗೆ ವಾಹನ, ನಡುವಿನ ಅಂತಸ್ತುಗಳಲ್ಲಿ ಬಾಡಿಗೆದಾರರು, ಅನೇಕ ಕಡೆ ತುದಿಯಲ್ಲಿ ಮಾಲೀಕರು. ಪ್ರತಿ ಮನೆಗೂ ಸ್ವಂತ ಕಕ್ಕಸು, ಸ್ವಂತ ಮೀಟರ್ ಬಂದಿವೆ. ಅಂಗಳವಿದ್ದ ಜಾಗ ಮೆಟ್ಟಿಲಾಗಿದೆ.