ರಂಪಣಿ: ಕರಾವಳಿ ಶಾಲೆಗಳಿಗೆ ದಕ್ಕಬೇಕಾದ ಪಾಠ

ರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಗೋವೆಯ ಕಡೆಯಿಂದ ಬಂದು ಕಾರವಾರದಿಂದ ಮಂಗಳೂರಿನವರೆಗೂ ನೆಲೆಯೂರಿದ ಈ ಬಲೆ ಹಲವು ದಶಕಗಳ ಕಾಲ ಮೊಗವೀರ, ಖಾರ್ವಿ, ಹರಿಕಾಂತ ಕುಟುಂಬಗಳಿಗೆ ಅನ್ನ ಕೊಟ್ಟಿತು. ಮನುಷ್ಯನ ಕೆಲಸದಿಂದ ಕಡಲು ಹೇಗೆ ಬದಲಾಗುತ್ತದೆ ಎಂಬುದನ್ನು ಕರಾವಳಿಯ ಮಕ್ಕಳಿಗೆ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಮಳೆಗಾಲ ಮುಗಿದ ಮೇಲೆ ಬಂಗುಡೆ, ಭೂತಾಯಿಗಳ ಹಿಂಡುಗಳು ದಡದತ್ತ ಬರುತ್ತವೆ. ಮುಂಗಾರಿನ ಹೊತ್ತಿಗೆ ಕಡಲಾಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲಕ್ಕೇಳುತ್ತದೆ. ಆ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಸಸ್ಯ, ಜೀವಿಗಳೇ ಈ ಮೀನುಗಳ ಆಹಾರ. ನೀರಿನ ಬಣ್ಣ ಬದಲಾದದ್ದನ್ನೂ ಹಕ್ಕಿಗಳು ಎರಗುವುದನ್ನೂ ನೋಡಿ ಅನುಭವಿಗಳು ಹಿಂಡನ್ನು ಗುರುತಿಸುತ್ತಿದ್ದರು. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ಹೊರಟ ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಸಾಗಿ, ಇನ್ನೊಂದು ತುದಿಯನ್ನು ಬೇರೆಡೆ ದಡಕ್ಕೆ ತರುತ್ತಿತ್ತು. ಆಮೇಲೆ ಎರಡು ಗುಂಪಾಗಿ ಹತ್ತಾರು ಜನ ಮರಳಿನಲ್ಲಿ ಕಾಲೂರಿ ಎಳೆಯುತ್ತ, ಹೆಜ್ಜೆ ಹೆಜ್ಜೆಗೂ ಒಬ್ಬರತ್ತ ಒಬ್ಬರು ಸರಿಯುತ್ತಿದ್ದರು. ಒಮ್ಮೆಗೇ ತೆಗೆಯಲು ಆಗದಷ್ಟು ಮೀನು ಬಿದ್ದರೆ ಅದನ್ನು ನೀರಿನಲ್ಲೇ ಬಲೆಯೊಳಗೆ ಕೂಡಿಟ್ಟು, ಬೇಕಾದಷ್ಟೇ ತೆಗೆಯುವುದೂ ಇತ್ತು. ಬಂದ ಮೀನು ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ ಪಾಲಾಗುತ್ತಿತ್ತು.

ರಂಪಣಿಯಲ್ಲೂ ಮರಿ ಮೀನು ಬೀಳುತ್ತಿದ್ದವು. ಹೇರಳವಾಗಿ ಸಿಕ್ಕ ಭೂತಾಯಿ ಎಣ್ಣೆಗೂ ತೋಟದ ಗೊಬ್ಬರಕ್ಕೂ ಹೋಗುತ್ತಿತ್ತು. ಭೂತಾಯಿ ತೀರಾ ಕಡಿಮೆಯಾದಾಗ, 1940ರ ದಶಕದಲ್ಲೇ, ಆಗಿನ ಮದ್ರಾಸ್ ಸರ್ಕಾರ ಅದನ್ನು ಹಿಡಿಯುವುದಕ್ಕೆ ಕೆಲಕಾಲ ನಿರ್ಬಂಧ ಹಾಕಿತ್ತು. ಹೀಗಿದ್ದರೂ ರಂಪಣಿಗೆ ಒಂದು ಸಹಜ ಮಿತಿಯಿತ್ತು. ಮೀನು ದಡಕ್ಕೆ ಬರುವವರೆಗೂ ಬಲೆ ಕಾಯಬೇಕಿತ್ತು. ಬಾರದ ಮೀನು ಕಡಲಿನಲ್ಲೇ ಉಳಿಯುತ್ತಿತ್ತು.

ಈ ಮಿತಿ ಮುರಿದದ್ದು ಯಂತ್ರದಿಂದ. 1950-60ರ ದಶಕಗಳಲ್ಲಿ ಟ್ರಾಲ್ ಬೋಟುಗಳು ಬಂದು ಸಿಗಡಿಗಾಗಿ ಕಡಲ ತಳವನ್ನು ಗೋರತೊಡಗಿದವು. 1970ರ ದಶಕದ ನಡುವೆ ಕರಾವಳಿಗೆ ಕಾಲಿಟ್ಟದ್ದು ಪರ್ಸೀನ್. ಬೋಟು ಮೀನಿನ ಹಿಂಡನ್ನು ಹುಡುಕಿಕೊಂಡು ಹೋಗಿ ಸುತ್ತಲೂ ಬಲೆ ಬಿಡುತ್ತದೆ. ಬುಡದ ಬಳೆಗಳಲ್ಲಿ ಹಾಯುವ ಹಗ್ಗ ಎಳೆದರೆ, ಎಲೆಯಡಿಕೆ ಸಂಚಿಯ ಬಾಯಿದಾರ ಬಿಗಿದಂತೆ, ಬಲೆಯ ತಳ ಮುಚ್ಚಿಕೊಳ್ಳುತ್ತದೆ. ಹಿಂಡು ದಡ ಮುಟ್ಟುವ ಮೊದಲೇ ಬೋಟು ಸೇರಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಬರಿದಾದವು. ಆ ದಶಕದ ಕೊನೆಯಲ್ಲಿ ನಾಡದೋಣಿ ಮೀನುಗಾರರು ಬೀದಿಗಿಳಿದರು. ಗೋವೆಯಲ್ಲಿ ರಾಂಪಣಕಾರರ ಚಳವಳಿಯೂ ಅದೇ ಕಾಲದ್ದು. 1980ರ ದಶಕದ ಮೊದಲ ವರ್ಷಗಳಲ್ಲೇ ದೊಡ್ಡ ರಂಪಣಿ ಬಹುತೇಕ ಮರೆಯಾಗಿ, ಸಣ್ಣದಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿಯಿತು. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ಬಹಳಷ್ಟು ಕುಟುಂಬಗಳ ಕಸುಬು ಕೈತಪ್ಪಿತ್ತು. ಕಾನೂನು ತಡವಾಯಿತೆಂದು ಹೇಳದೆ ವಿಧಿಯಿಲ್ಲ.

ನಂತರದ ಕ್ರಮಗಳೂ ಇದೇ ಕಥೆಯ ಮುಂದುವರಿಕೆ. ಕರ್ನಾಟಕದ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅದು ಹಲವು ಮೀನುಗಳು ಮೊಟ್ಟೆಯಿಡುವ ಕಾಲ. ಪ್ರಖರ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಎಲ್ಲ ಏರುಪೇರನ್ನೂ ಬಲೆಯ ತಲೆಗೆ ಕಟ್ಟುವುದು ಸರಿಯಾಗದು. ಪಕ್ಕದ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್‌ ದಾಟಿದ್ದ ಭೂತಾಯಿ 2021ರಲ್ಲಿ 3,300 ಟನ್‌ ಆಸುಪಾಸಿಗೆ ಕುಸಿದಾಗ, ಕಡಲು ಬಿಸಿಯಾಗುವುದು, ಎಲ್ ನಿನೊ ಪ್ರಭಾವಗಳೂ ಕಾರಣವೆಂದು ವಿಜ್ಞಾನಿಗಳು ಗುರುತಿಸಿದರು. ಮನುಷ್ಯನ ಕೈವಾಡ ಮತ್ತು ಪ್ರಕೃತಿಯ ಏರಿಳಿತ ಎರಡನ್ನೂ ಒಟ್ಟಿಗೆ ಅರಿಯುವುದೇ ಈ ವಿಷಯದ ನಿಜವಾದ ಕಲಿಕೆ.

ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಕಡಲಿನ ಪಾಠಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ, ಹಿಡಿಯುವ ಬಂಗುಡೆ ಕನಿಷ್ಠ 14 ಸೆಂ.ಮೀ., ಭೂತಾಯಿ ಕನಿಷ್ಠ 10 ಸೆಂ.ಮೀ. ಉದ್ದವಿರಬೇಕು. ಜಾಮಿಟ್ರಿ ಬಾಕ್ಸಿನಲ್ಲಿರುವ 15 ಸೆಂ.ಮೀ. ಸ್ಕೇಲು ಇದನ್ನು ಅಳೆಯಲು ಸಾಕು. ಮೀನು ಮಾರುಕಟ್ಟೆಯ ಬುಟ್ಟಿಗಳಲ್ಲಿ ಮಕ್ಕಳು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಮರಿ ಮೀನು ಯಾವಾಗ, ಎಷ್ಟು ಬರುತ್ತದೆಂಬ ಲೆಕ್ಕ ಅವರ ಕೈಯಲ್ಲೇ ಇರುತ್ತದೆ. ರಂಪಣಿ ಎಳೆದ ಹಿರಿಯರು ಕರಾವಳಿಯ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ತರಗತಿಗೆ ಕರೆಸಿ ಮಾತಾಡಿಸುವ ಕೆಲಸವನ್ನು ಶಾಲೆಗಳು ಇನ್ನು ಮುಂದೂಡಬಾರದು.