ಗೀತಾ ನಾಗಭೂಷಣರ ಕಾದಂಬರಿಗಳ ಕತ್ತಲೆಯೂ ಓದುಗರ ಭಿನ್ನಾಭಿಪ್ರಾಯಗಳೂ

ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದವರು ಕೃತಿಗಳ ಕಾಲಾನುಕ್ರಮವನ್ನೂ ಕರ್ತೃಗಳ ಜೀವನವೃತ್ತಾಂತವನ್ನೂ ಶ್ರಮವಹಿಸಿ ಕೊಟ್ಟಿದ್ದಾರೆ. ಆ ಕೃತಿಗಳನ್ನು ಓದಿದವರು ಏನೆಂದುಕೊಂಡರು, ಏತಕ್ಕಾಗಿ ಹಾಗೆಂದುಕೊಂಡರು ಎಂಬ ವಿಚಾರಕ್ಕೆ ದೊರೆತಿರುವ ಸ್ಥಳ ಮಾತ್ರ ಬಹಳ ಕಡಿಮೆ. ಕಲಬುರಗಿಯ ಸುಪ್ರಸಿದ್ಧ ಕಾದಂಬರಿಕಾರ್ತಿ ಗೀತಾ ನಾಗಭೂಷಣ (1942–2020) ಅವರ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಅವರವು ಕತ್ತಲೆಯ ಕಾದಂಬರಿಗಳೆಂಬುದನ್ನು ಮೆಚ್ಚಿದವರೂ ಮೆಚ್ಚದವರೂ ಸಮನಾಗಿ ಒಪ್ಪುತ್ತಾರೆ. ಆ ಕತ್ತಲೆಗೆ ಬೆಲೆ ಕಟ್ಟುವಲ್ಲಿ ಒಬ್ಬರಂತೆ ಒಬ್ಬರಿಲ್ಲ. ಈ ಭೇದವನ್ನು ಅಭಿರುಚಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಓದುಗನು ನಿಂತ ನೆಲದ ಚರಿತ್ರೆಯಲ್ಲಿ ಅದರ ಬೇರುಗಳಿವೆ ಎಂಬುದು ನಮ್ಮ ಅಭಿಮತ. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಶ್ರೀಮತಿ ಗೀತಾ ಅವರು ಹುಟ್ಟಿದ್ದು 1942ರ ಮಾರ್ಚ್ 25ರಂದು, ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ. ಆಗ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ತಂದೆ ಕಲಬುರಗಿಯ ಬಟ್ಟೆ ಗಿರಣಿಯಲ್ಲಿ ಕೂಲಿಯಾಳು. ತಂದೆತಾಯಿಗಳಿಬ್ಬರೂ ಓದುಬರಹ ಬಾರದವರು. ಅಂಥ ಮನೆಯ ಮಗಳು ಪದವಿಯನ್ನೂ ಸ್ನಾತಕೋತ್ತರ ಪದವಿಯನ್ನೂ ಪಡೆದು, ಗುಮಾಸ್ತೆಯಾಗಿ, ಅಧ್ಯಾಪಕಿಯಾಗಿ ದುಡಿಯುತ್ತ, ಇಪ್ಪತ್ತೈದಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದರು. ಮೊದಲನೆಯದಾದ ‘ತಾವರೆಯ ಹೂವು’ ಹೊರಬಂದದ್ದು 1968ರಲ್ಲಿ.

ಆ ಹೊತ್ತಿಗೆ ಈ ಸೀಮೆಯಲ್ಲಿ ಕನ್ನಡ ಓದುಗರೆಂಬ ವರ್ಗವು ಎಷ್ಟು ಹೊಸದು ಎಂಬುದನ್ನು ನೆನೆಯಬೇಕು. ಸಂಸ್ಥಾನದ ಆಡಳಿತಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ನೆರೆದದ್ದು ನಿಜ. ಆದರೆ ಸಮ್ಮೇಳನಕ್ಕೆ ಊರು ದೊರೆತಷ್ಟು ಸುಲಭವಾಗಿ ಪುಸ್ತಕಕ್ಕೆ ಓದುಗರು ದೊರೆಯುವುದಿಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಮೈಸೂರು, ಧಾರವಾಡಗಳಲ್ಲಿ ಮೂರು ತಲೆಮಾರುಗಳು ಓದಿ, ಮೆಚ್ಚಿ, ಜಗಳವಾಡಿ ರೂಢಿಸಿಕೊಂಡಿದ್ದ ಕಾದಂಬರಿಯ ಅಭಿರುಚಿ ಇಲ್ಲಿ ಒಂದೇ ತಲೆಮಾರಿನಲ್ಲಿ ಹುಟ್ಟಬೇಕಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಇಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆದದ್ದು 1970ರಲ್ಲಿ, ಅದು ಸ್ವತಂತ್ರ ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ಎಂದರೆ ಗೀತಾ ಅವರು ಬರೆಯತೊಡಗಿದಾಗ ಅವರ ಊರಿನಲ್ಲಿ ಅವರನ್ನು ವಿಮರ್ಶಿಸಬಲ್ಲ ಪೀಠವೇ ಇರಲಿಲ್ಲ.

ಆದುದರಿಂದ ಅವರ ಮೊದಲ ಓದುಗರು ವಾಚನಾಲಯದ ಓದುಗರು. ತ್ರಿವೇಣಿ, ಅನುಪಮಾ ನಿರಂಜನ, ಎಂ.ಕೆ. ಇಂದಿರಾ ಇವರುಗಳ ಕಾದಂಬರಿಗಳನ್ನು ದಿನಬಾಡಿಗೆಗೆ ಒಯ್ದು ಓದುತ್ತಿದ್ದ ಪಟ್ಟಣದ ಗೃಹಿಣಿಯರು ಇವರ ಪುಸ್ತಕಗಳನ್ನೂ ಅದೇ ಕಪಾಟಿನಿಂದ ಒಯ್ದರು. ಆ ಓದುಗರ ಮೆಚ್ಚಿಕೆಯೇ ಮುಂದೆ ಇವರಿಗೆ ಮುಳುವಾಯಿತು. ‘ಜನಪ್ರಿಯ’ ಎಂಬ ಚೀಟಿಯನ್ನು ಒಮ್ಮೆ ಅಂಟಿಸಿದ ಮೇಲೆ ವಿಮರ್ಶಕರು ಪುಸ್ತಕವನ್ನು ಬಿಚ್ಚುವ ತೊಂದರೆಯನ್ನು ತೆಗೆದುಕೊಳ್ಳಲಿಲ್ಲ. ಇನ್ನೊಂದು ಕಡೆ, ಅದೇ ಕಪಾಟಿನ ಓದುಗರಲ್ಲಿ ಅನೇಕರಿಗೆ ಈ ಕಥೆಗಳು ಸಹಿಸಲಾರದವಾಗಿದ್ದವು. ತ್ರಿವೇಣಿಯವರಲ್ಲಿ ನೋವಿಗೆ ಒಂದು ಮನೆಯಿದೆ, ಬಾಗಿಲಿದೆ, ಮನಶ್ಶಾಸ್ತ್ರದ ಒಂದು ಹೆಸರಿದೆ. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಶೀರ್ಷಿಕೆಯನ್ನು ಕಂಡೊಡನೆ ತಿಳಿಯುತ್ತದೆ, ಇಲ್ಲಿ ಅಂಥ ಬಾಗಿಲಿಲ್ಲವೆಂದು. ಬಡ ಕೆಳಜಾತಿಯ ಹೆಣ್ಣಿನ ಮೈಯನ್ನು ಉಳ್ಳವರು ಹರಿದು ತಿನ್ನುವ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ ಈ ಕಾದಂಬರಿಯು ‘ಹೆಣ್ಣಿನ ಕೂಗು’ ಎಂಬ ಚಲನಚಿತ್ರವಾಯಿತು. ಶೀರ್ಷಿಕೆಯನ್ನು ಹೀಗೆ ಬದಲಿಸಿದುದರಲ್ಲಿಯೇ ಒಂದು ಓದು ಅಡಗಿದೆ. ಮಾಂಸವೂ ಹದ್ದುಗಳೂ ಹೋಗಿ, ಕನಿಕರಪಡಬಹುದಾದ ಒಂದು ಕೂಗು ಉಳಿಯಿತು.

ಓದುಗರ ಆಕ್ಷೇಪವೆಲ್ಲ ಅನ್ಯಾಯವಾದುದೆಂದು ನಾವು ಹೇಳುವುದಿಲ್ಲ. ಮೊದಮೊದಲ ಕಾದಂಬರಿಗಳಲ್ಲಿ ಗೌಡನೆಂದರೆ ದುಷ್ಟನೇ, ಅವನ ಕಣ್ಣಿಗೆ ಬಿದ್ದವಳು ಕೆಡುವವಳೇ ಎಂಬ ಅಚ್ಚು ಕೆಲವೆಡೆ ಮರುಕಳಿಸುತ್ತದೆ. ಕತ್ತಲೆಯು ಕಂಡದ್ದೋ, ಕಥೆಯ ಓಟಕ್ಕಾಗಿ ಬಳಿದದ್ದೋ ಎಂಬ ಸಂದೇಹ ಬರುತ್ತದೆ. ಅಲ್ಲಿ ಬೇಸರಗೊಂಡ ಓದುಗರದು ಸರಿಯಾದ ಬೇಸರವೇ.

ನವ್ಯರ ಓದು ಬೇರೆ ದಿಕ್ಕಿನದು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವು 1965ರಲ್ಲಿ ಪ್ರಕಟವಾಯಿತು. ಅದೂ ಕತ್ತಲೆಯ ಕೃತಿಯೇ: ಅಗ್ರಹಾರದಲ್ಲಿ ಸಂಸ್ಕಾರವಿಲ್ಲದೆ ಕೊಳೆಯುವ ನಾರಣಪ್ಪನ ಹೆಣ, ಸಾಯುವ ಇಲಿಗಳು, ಪ್ಲೇಗು, ಮಾಡಿನ ಮೇಲೆ ಬಂದು ಕೂಡುವ ಹದ್ದುಗಳು. ಅದರ ಚಲನಚಿತ್ರವನ್ನು ಮದರಾಸಿನ ಸೆನ್ಸಾರು ಮಂಡಳಿ ಮೊದಲು ತಡೆಹಿಡಿಯಿತು. ಬಳಿಕ 1970ರ ಸಾಲಿನ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಮಾಧ್ವ ಬ್ರಾಹ್ಮಣರಲ್ಲಿ ಹಲವರು ಅದನ್ನು ತಮ್ಮ ನಿಂದೆಯೆಂದು ಓದಿದರು. ಎ.ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ 1976ರಲ್ಲಿ ಬಂದಿತು, ಮರುವರ್ಷವೇ ವಿ.ಎಸ್. ನೈಪಾಲರು ತಮ್ಮ ಗ್ರಂಥದಲ್ಲಿ ಆ ಕಥೆಯನ್ನು ಇಡೀ ಹಿಂದೂ ನಾಗರಿಕತೆಯ ರೋಗಲಕ್ಷಣವೆಂಬಂತೆ ವಿವೇಚಿಸಿದರು. ಇಷ್ಟೊಂದು ವಾದಕ್ಕೆ ಆಸ್ಪದವಾಗಲು ಕಾರಣವೇನು? ಆ ಕತ್ತಲೆಯು ಪ್ರಾಣೇಶಾಚಾರ್ಯನೆಂಬ ವಿದ್ವಾಂಸನ ಅಂತರಂಗದಲ್ಲಿ ಕವಿದದ್ದು. ಓದುಗನಾದ ವಿದ್ವಾಂಸನು ಅದರಲ್ಲಿ ತನ್ನ ಮುಖವನ್ನು ಕಂಡನು. ಅದೇ ಕೃತಿಯ ಚಂದ್ರಿಯು ಕಥೆಯ ಮಧ್ಯದಲ್ಲಿಯೇ ಮರೆಯಾಗುತ್ತಾಳೆ. ಆಕೆ ಎಲ್ಲಿಗೆ ಹೋದಳು, ಏನು ಉಂಡಳು, ಯಾರ ಮನೆಯಲ್ಲಿ ಮಲಗಿದಳು ಎಂದು ಕೇಳಿದ ಓದುಗರು ವಿರಳ. ಗೀತಾ ನಾಗಭೂಷಣರ ಕಾದಂಬರಿ ಅಲ್ಲಿಂದ ಮುಂದಕ್ಕೆ ಹೊರಡುತ್ತದೆ ಎನ್ನಬಹುದು. ಅಲ್ಲಿನ ಕತ್ತಲೆ ಸಾಲದ್ದು, ಕೂಲಿಯದು, ಸೆರೆಯ ಅಂಗಡಿಯದು, ಬೇಸಿಗೆಯಲ್ಲಿ ಬತ್ತಿದ ಬಾವಿಯದು. ಅಸ್ತಿತ್ವದ ಪ್ರಶ್ನೆಗಳನ್ನು ಹುಡುಕಿಕೊಂಡು ಬಂದ ನವ್ಯ ಓದುಗನಿಗೆ ಇದು ವರದಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಹಸಿದವಳಿಗೂ ಅಸ್ತಿತ್ವವುಂಟೆಂಬುದು ಅವನ ಶಾಸ್ತ್ರದಲ್ಲಿ ಇದ್ದಿತು. ಅವನ ಓದಿನಲ್ಲಿ ಇರಲಿಲ್ಲ.

ಇವೆರಡಕ್ಕಿಂತಲೂ ಗಂಭೀರವಾದುದು ಹತ್ತಿರದವರ ಆಕ್ಷೇಪ. ನಮ್ಮ ಸೀಮೆಯ ವಿದ್ಯಾವಂತರಲ್ಲಿ, ವಿಶೇಷವಾಗಿ ತಮ್ಮ ಮನೆಯಲ್ಲಿ ಮೊದಲಿಗರಾಗಿ ಓದಿದವರಲ್ಲಿ, ‘ನಮ್ಮ ಹರಕನ್ನು ಊರಿಗೆಲ್ಲ ತೋರಿಸುವುದೇಕೆ’ ಎಂಬ ಮಾತುಂಟು. ಕುಡಿತ, ಹಾದರ, ಬೈಗುಳ, ದೇವಿಗೆ ಬಿಟ್ಟ ಹೆಣ್ಣುಮಕ್ಕಳು ಇವೇ ಕೇರಿಯ ಬಾಳೆಂದು ಹೊರಗಿನವರು ತಿಳಿದಾರೆಂಬ ಅಂಜಿಕೆ ಅದರ ಹಿಂದಿದೆ. ಈ ಅಂಜಿಕೆಯನ್ನು ನಾವು ಹಗುರಾಗಿ ಕಾಣಲಾರೆವು. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಹಿಂದುಳಿದವರೆಂಬ ಹೆಸರನ್ನು ಸರಕಾರಿ ಕಾಗದದಲ್ಲಿ ಹೊತ್ತವರು ಕಾದಂಬರಿಯಲ್ಲಿಯೂ ಅದನ್ನೇ ಕಾಣಲು ಒಲ್ಲೆವೆನ್ನುವುದು ಸಹಜ.

ಅದರ ಜೊತೆಗೇ ‘ಇವೆಲ್ಲ ಹಿಂದಿನ ಮಾತು, ಈಗ ಇಲ್ಲ’ ಎನ್ನುವವರೂ ಇದ್ದಾರೆ. ಇಲ್ಲಿ ಚರಿತ್ರೆಯ ಸಾಕ್ಷ್ಯವನ್ನು ನೋಡಬೇಕಾಗುತ್ತದೆ. ಮುಂಬಯಿ ಪ್ರಾಂತದಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆಯು 1934ರಲ್ಲಿಯೇ ಆಯಿತು. ನಿಜಾಮರ ಸೀಮೆಗೆ ಅದು ಅನ್ವಯಿಸಲಿಲ್ಲ. ಕರ್ನಾಟಕ ರಾಜ್ಯವು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ಕಾಯಿದೆ ಮಾಡಿದ್ದು 1982ರಲ್ಲಿ, ಎಂದರೆ ‘ತಾವರೆಯ ಹೂವು’ ಬಂದು ಹದಿನಾಲ್ಕು ವರ್ಷಗಳ ಮೇಲೆ. ಇನ್ನು ಜಾತಿಯ ವಿಷಯ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿರುವ ಕೋಟನೂರವು ಇಂದು ಬಡಾವಣೆಗಳಿಂದ ಸುತ್ತುವರಿದು ನಗರದೊಡನೆ ಬೆಸೆದುಕೊಂಡಿದೆ. 2024ರ ಜನವರಿ 23ರಂದು ಅಲ್ಲಿ ಡಾ. ಅಂಬೇಡ್ಕರರ ಪ್ರತಿಮೆಗೆ ಅವಮಾನವಾದುದು ಬೆಳಕಿಗೆ ಬಂದು, ನಗರವೆಲ್ಲ ಪ್ರತಿಭಟನೆಗಿಳಿಯಿತು. ಗೀತಾ ಅವರ ಕೇರಿಗಳನ್ನು ಕಳೆದುಹೋದ ಕಾಲದ ಚಿತ್ರಗಳೆಂದು ಓದುವವರು ಬಹು ದೂರ ಹೋಗಬೇಕಾಗಿಲ್ಲ. ನಗರದ ಅಂಚಿನವರೆಗೆ ನಡೆದರೆ ಸಾಕು.

‘ಬದುಕು’ ಕಾದಂಬರಿಯು ಈ ಎಲ್ಲ ಓದುಗರನ್ನು ಒಂದೇ ಕಡೆಗೆ ತಂದು ನಿಲ್ಲಿಸಿತು. ಇಲ್ಲಿ ಹಳೆಯ ಅಚ್ಚು ಒಡೆದಿದೆ. ಒಬ್ಬ ನಾಯಕಿಯ ದುರಂತಕ್ಕೆ ಬದಲಾಗಿ ಇಡೀ ಒಂದು ಜನಸಮುದಾಯದ ಬಾಳು ಹರವಿಕೊಂಡಿದೆ. ಕ್ರೌರ್ಯದ ಪಕ್ಕದಲ್ಲಿಯೇ ಜಾತ್ರೆ, ಹಾಡು, ಹಾಸ್ಯ, ಹೆಣ್ಣುಮಕ್ಕಳ ಗಟ್ಟಿತನ ಇವೆ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದಲ್ಲಿ ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಇವರೇ. ಪ್ರಶಸ್ತಿಗಳು ಮೊದಲಾದ 1955ರಿಂದ ಅಲ್ಲಿಯವರೆಗೆ ಅರ್ಧ ಶತಮಾನ ಕಳೆದಿತ್ತೆಂಬುದನ್ನು ಗಮನಿಸಬೇಕು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಇವರಿಗೆ ದೊರೆಯಿತು.

ಆದರೆ ಪ್ರಶಸ್ತಿಯಿಂದ ವಾದ ನಿಲ್ಲಲಿಲ್ಲ. ಅದು ಭಾಷೆಯ ಕಡೆಗೆ ಹೊರಳಿತು. ಕಲಬುರಗಿಯ ಆಡುಮಾತು ಅರ್ಥವಾಗುವುದಿಲ್ಲವೆಂಬುದು ದಕ್ಷಿಣದ ಓದುಗರ ದೂರು. ನಮಗೆ ಈ ದೂರು ವಿಚಿತ್ರವಾಗಿ ಕಾಣುತ್ತದೆ. ಕಡಲತಡಿಯ ಮಾತನ್ನೂ ಮಲೆನಾಡಿನ ಮಾತನ್ನೂ ಕಾದಂಬರಿಗಳ ಮೂಲಕ ಕಲಿತು ಸವಿದವರು, ಮೊಗಲಾಯಿ ಸೀಮೆಯ ಮಾತಿನ ಎದುರಿಗೆ ಮಾತ್ರ ನಿಘಂಟನ್ನು ಬೇಡುತ್ತಾರೆ. ಉರ್ದುವನ್ನು ಅರಗಿಸಿಕೊಂಡು, ಬೈಗುಳವನ್ನೂ ಪ್ರೀತಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿದರೆ ಪಾತ್ರಗಳ ನಗೆಯೇ ಮೊದಲು ಕಳೆದುಹೋಗುತ್ತದೆ, ಉಳಿಯುವುದು ಬರಿಯ ದುಃಖ. ಇದೇ ಕಾದಂಬರಿಯನ್ನು ಈ ಸೀಮೆಯ ವಿದ್ಯಾರ್ಥಿಗಳು ಗಟ್ಟಿಯಾಗಿ ಓದುವಾಗ, ಹೊರಗಿನವರು ಅತಿ ಘೋರವೆಂದು ಗುರುತು ಹಾಕುವ ಪುಟಗಳಲ್ಲಿ ಅವರು ಅನೇಕ ವೇಳೆ ನಗುತ್ತಾರೆ.