ಪುಣೆಯ ವಾಡೆಯೂ ಬಸುರಿಯ ಬಾಯಿನೀರೂ

ಬಸುರಿಯ ಬಯಕೆಗೆ ನಮ್ಮವರು ಸಲ್ಲಿಸಿದ ಗೌರವ ಅಲ್ಪವಾದುದಲ್ಲ. ಧಾರವಾಡದ ಕಡೆ ಕುಬಸವೆನ್ನಿಸುವ ಸಂಭ್ರಮ ಪುಣೆಯಲ್ಲಿ ‘ಡೋಹಾಳೆ ಜೇವಣ’ವಾಗುತ್ತದೆ, ಹಸುರು ಸೀರೆಯುಟ್ಟು, ಹಸುರು ಗಾಜಿನ ಬಳೆ ತೊಟ್ಟು, ಹೂವಿನಿಂದ ಸಿಂಗರಿಸಿದ ತೂಗುಮಣೆಯಲ್ಲಿ ಕುಳಿತವಳ ಮುಂದೆ ಮುತ್ತೈದೆಯರು ಅವಳ ಬಯಕೆಗಳನ್ನೇ ಹಾಡಾಗಿ ಹಾಡುವರು, ಮುಚ್ಚಿಟ್ಟ ಬಟ್ಟಲುಗಳಲ್ಲೊಂದನ್ನು ಅವಳ ಕೈಯಿಂದ ತೆರೆಯಿಸಿ, ಪೇಢೆಯಿದ್ದರೆ ಗಂಡು, ಬರ್ಫಿಯಿದ್ದರೆ ಹೆಣ್ಣು ಎಂದು ನಗುವರು. ಆದರೆ ಇದಕ್ಕೆ ಕೆಲವು ತಿಂಗಳು ಮೊದಲು ಅದೇ ಹೆಣ್ಣುಮಗಳು, ಕ್ಷಣಕ್ಷಣಕ್ಕೂ ಬಾಯಲ್ಲಿ ತುಂಬಿಬರುವ ನೀರನ್ನು ನುಂಗಲಾರದೆ, ಹಿರಿಯರೆದುರು ಉಗುಳಲೂ ಆರದೆ, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಿಲಿಗೆ ಓಡಿದ್ದರೆ, ಅದು ಹಾಡಬೇಕಾದ ವಿಷಯವೆಂದು ಯಾರಿಗೂ ತೋರುವುದಿಲ್ಲ.

ನಮ್ಮ ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಗರ್ಭಿಣಿಯ ಲಕ್ಷಣಗಳನ್ನು ಎಣಿಸುವಾಗ, ಮುಟ್ಟು ನಿಂತುದನ್ನು ಹೇಳಿದ ಬೆನ್ನಿಗೇ ‘ಆಸ್ಯಸಂಸ್ರವಣ’ವನ್ನು, ಎಂದರೆ ಬಾಯಿ ಒಸರುವುದನ್ನು, ಹೇಳುತ್ತದೆ, ವಾಂತಿ, ಅರುಚಿ, ಹುಳಿಯ ಆಸೆಗಳೆಲ್ಲ ಅನಂತರ ಬರುವುವು. ಸುಶ್ರುತನೂ ವಾಗ್ಭಟನೂ ಇದನ್ನೇ ‘ಪ್ರಸೇಕ’ವೆಂದು ಗುರುತಿಸಿದರು. ಹಿಂದೂಗಳ ಈ ಪ್ರಸೂತಿಶಾಸ್ತ್ರವನ್ನೇ ತನ್ನ ಪ್ರಬಂಧದ ವಸ್ತುವಾಗಿಸಿಕೊಂಡು, 1886ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದವರು, 1865ರಲ್ಲಿ ಜನಿಸಿದ ಆನಂದೀಬಾಯಿ ಜೋಶಿಯವರು. ಹದಿನಾಲ್ಕರ ಎಳೆವಯಸ್ಸಿನಲ್ಲಿ ಹೆತ್ತು, ಹೆತ್ತ ಕೂಸನ್ನು ಹತ್ತು ದಿನಗಳಲ್ಲಿ ಕಳೆದುಕೊಂಡವರಾದುದರಿಂದ, ಬಸುರಿನ ಕಷ್ಟವನ್ನು ಅವರು ಪುಸ್ತಕದಿಂದ ಮಾತ್ರ ಅರಿತವರಲ್ಲ. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಹುದ್ದೆ ಕಾದಿದ್ದರೂ, ಕ್ಷಯರೋಗದಿಂದ ಬಳಲಿ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು; ಆಗ ಇಪ್ಪತ್ತೆರಡು ಕೂಡ ತುಂಬಿರಲಿಲ್ಲ.

ಪುಣೆಯ ವಾಡೆಗಳಲ್ಲಿ, ಎಂದರೆ ದೊಡ್ಡ ಮನೆಗಳಲ್ಲಿ, ಉಗುಳುವ ಪಾತ್ರೆಗೆ ಕೊರತೆಯಿದ್ದಿತೆಂದು ಯಾರೂ ಹೇಳಲಾರರು. ಪೇಶವೆಯರ ಕಾಲದ ಆ ನಗರ ತಾಂಬೂಲಪ್ರಿಯರ ನಗರ. ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಸಾಲುಗೊಂಡಿರುವ ಚಿತ್ರವಿಚಿತ್ರ ಅಡಕತ್ತರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೇಶವೆಯರ ಆಶ್ರಯದಲ್ಲಿ ಕಸಬಾ ಪೇಟೆಯಲ್ಲಿ ನೆಲೆಸಿದ ತಾಂಬಟರು, ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಮೈಯೆಲ್ಲ ಮಿನುಗುವಂತೆ ಪಾತ್ರೆಗಳನ್ನು ಮಾಡುತ್ತಿದ್ದರು. ಅವರ ಬೀದಿ ತಾಂಬಟ ಆಳಿಯೆಂದು ಈಗಲೂ ಪ್ರಸಿದ್ಧ. ಮರಾಠಿಯವರು ತಸ್ತವೆಂದೂ ನಾವು ಪೀಕದಾನಿಯೆಂದೂ ಕರೆಯುವ ಪಾತ್ರೆಯ ರಚನೆಯಲ್ಲಿ ಒಂದು ಜಾಣ್ಮೆಯಿದೆ: ಅಂಚು ಅಗಲವಾಗಿ ಹೊರಕ್ಕೆ ಬಾಗಿ ಉಗುಳನ್ನು ಚೆಲ್ಲದೆ ಹಿಡಿಯುವುದು, ಕೊರಳು ಕಿರಿದಾಗಿ ಒಳಗಿನದನ್ನು ಕಣ್ಣಿಗೆ ಮರೆಮಾಡುವುದು, ಹೊಟ್ಟೆ ಉಬ್ಬಿ ತಳ ಭಾರವಾಗಿ ಉರುಳದಂತೆ ನಿಲ್ಲುವುದು. ಬಸುರಿಗೆ ಬೇಕಾದುದು ಇದೇ ಅಲ್ಲವೆ? ಇಂತಹುದೊಂದು ಅವಳ ತಲೆದಿಂಬಿನ ಬಳಿಗೆ ಬರಲು ಶಾಸ್ತ್ರದ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದುದು ಎಂಜಲಿನ ಮಡಿಮೈಲಿಗೆಯದು. ಗಂಡಸಿನ ಕೆಂಪು ಪೀಕಿಗೆ ದಿವಾಣಖಾನೆಯಲ್ಲಿ ಮರ್ಯಾದೆಯಿದ್ದು, ಹೆಂಗಸಿನ ತಿಳಿನೀರಿಗೆ ಹಿತ್ತಿಲೇ ಗತಿಯಾದುದು ನ್ಯಾಯವೆಂದು ನನಗೆ ಎಂದೂ ತೋರಿಲ್ಲ.

ಅಡಿಗೆಮನೆ ಇದಕ್ಕಿಂತ ಉದಾರವಾಗಿದ್ದಿತು. ಒಣಗಿಸಿ ಉಪ್ಪು ಹಚ್ಚಿದ ನೆಲ್ಲಿಯ ಚೂರುಗಳ ‘ಆವಳಾ ಸುಪಾರಿ’, ಆಮಸೂಲಿನ ಸಾರು, ನಿಂಬೆಯ ಹೋಳು, ಶುಂಠಿ, ಭತ್ತದ ಅರಳು ಇವೆಲ್ಲ ಓಕರಿಕೆಗೆ ಆ ನಾಡಿನ ಮನೆಮದ್ದುಗಳು. ಹುಳಿ ಬಾಯಲ್ಲಿ ಮತ್ತಷ್ಟು ನೀರೂರಿಸುವುದು ನಿಜವೇ. ಆದರೆ ಹಾಗೆ ಊರಿದ ನೀರನ್ನು ನುಂಗಲು ಹೇಸಿಕೆಯಾಗದು.

ಪುಣೆಯ ಸಸೂನ್ ಆಸ್ಪತ್ರೆ 1867ರಲ್ಲಿ ತೆರೆದ ಕಾಲಕ್ಕೆ, ಪಾಶ್ಚಾತ್ಯ ವೈದ್ಯರಿಗೆ ಬಾಯಿ ಒಸರುವ ಈ ತೊಂದರೆಯ ನಿರ್ಣಯದಲ್ಲಿ ಒಂದು ವಿಚಿತ್ರ ತೊಡಕಿದ್ದಿತು. ಪಾದರಸದ ಔಷಧಗಳು ಆಗ ಅತಿಯಾಗಿ ರೂಢಿಯಲ್ಲಿದ್ದು, ಅವುಗಳಿಂದಲೂ ಜೊಲ್ಲು ಧಾರೆಯಾಗಿ ಸುರಿಯುತ್ತಿದ್ದುದರಿಂದ, ವಸಡು ಬಾತಿಲ್ಲ, ಬಾಯಿ ನಾರುತ್ತಿಲ್ಲ ಎಂಬುದನ್ನು ನೋಡಿ ಇದು ಬಸುರಿನದೇ ಎಂದು ಬೇರ್ಪಡಿಸಬೇಕಾಗಿದ್ದಿತು. ಬಾಯನ್ನು ಒಣಗಿಸಲು ಬೆಲ್ಲಡೋನಾ ಕೊಡುತ್ತಿದ್ದುದೂ ಉಂಟು. ರಮಾಬಾಯಿ ರಾನಡೆಯವರು ಮುನ್ನಡೆಸಿದ, 1909ರಲ್ಲಿ ಪುಣೆಯಲ್ಲಿ ಆರಂಭವಾದ ಸೇವಾಸದನದ ಹೆಣ್ಣುಮಕ್ಕಳು ಅದೇ ಸಸೂನಿನಲ್ಲಿ ದಾದಿಯರ ಶಿಕ್ಷಣ ಪಡೆದ ಮೇಲೆ, ಗಂಡು ವೈದ್ಯನ ಮುಂದೆ ಬಾಯಿ ಬಿಡದವಳಿಗೂ ಹೇಳಿಕೊಳ್ಳಲು ಒಂದು ಕಿವಿ ದೊರೆಯಿತು.

ಆರೋಗ್ಯವಂತರ ಬಾಯಲ್ಲೂ ದಿನಕ್ಕೆ 0.5ರಿಂದ 1.5 ಲೀಟರು ಲಾಲಾರಸ ಒಸರಿ, ಅರಿವಿಲ್ಲದೆಯೇ ಹೊಟ್ಟೆಗಿಳಿಯುವುದು. ಓಕರಿಕೆಯಿಂದ ನುಂಗುವುದು ತಪ್ಪಿದರೆ ಅಷ್ಟೂ ಹೊರಕ್ಕೆ ಬರಬೇಕು. ಹಲವರಿಗೆ ಇದು ನಾಲ್ಕನೆಯ ತಿಂಗಳ ಸುಮಾರಿಗೆ ಇಳಿಮುಖವಾದರೆ, ಕೆಲವರಿಗೆ ಹೆರಿಗೆಯವರೆಗೂ ಬಿಡದು. ಶಿಶುವಿಗೆ ಇದರಿಂದ ಹಾನಿಯಿಲ್ಲ. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಮೆಯಾಗಿ, ತೂಕ ಇಳಿಯತೊಡಗಿದರೆ ಮಾತ್ರ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

2018ರಲ್ಲಿ ಪುಣೆಯ ಮಹಾನಗರಪಾಲಿಕೆ, ರಸ್ತೆಯಲ್ಲಿ ಉಗುಳಿದವರಿಂದ ದಂಡ ವಸೂಲುಮಾಡಿ ಅವರ ಕೈಯಿಂದಲೇ ಅದನ್ನು ಒರೆಸಿಸಿತು. ಗುಟಖಾ ಜಗಿಯುವವರಿಗೆ ಅದು ತಕ್ಕ ಶಾಸ್ತಿಯೇ. ಆದರೆ ಬಸ್ಸಿನಲ್ಲಿ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕುಳಿತ ಬಸುರಿಯನ್ನು ಕಂಡು ಮುಖ ಸಿಂಡರಿಸಬೇಡಿರಿ. ನಿಮ್ಮ ಮನೆಯಲ್ಲಿ ಅಂತಹವಳಿದ್ದರೆ, ಮುಚ್ಚಳವಿರುವ ಒಂದು ಪಾತ್ರೆಯನ್ನು ಅವಳ ಕೈಗೆಟುಕುವಂತೆ ಇಡಿರಿ. ಅದನ್ನು ಬರಿದುಮಾಡಿ ತೊಳೆಯುವ ಕೆಲಸವನ್ನು ಅವಳಿಗೇ ಬಿಡಬೇಡಿರಿ.